ಕೆಳಗೊಂದು ಮಲಗುವ ಕೋಣೆ ಇರಲಿ

ಮೂವತ್ತು–ನಲವತ್ತರ ಸೈಟು, ಎಂಜಿನಿಯರ್ ಬರೆದುಕೊಟ್ಟ ಎರಡು ಪ್ಲ್ಯಾನ್. ಒಂದರಲ್ಲಿ ಎರಡು ಅಂತಸ್ತಿನ ಎತ್ತರಕ್ಕೆ ತೆರೆದುಕೊಂಡ ದೊಡ್ಡ ಹಾಲ್, ಅದರೊಳಗಿಂದಲೇ ಹತ್ತುವ ಮೆಟ್ಟಿಲು, ಮಲಗುವ ಕೋಣೆಗಳೆಲ್ಲ ಮೇಲೆ. ಇನ್ನೊಂದರಲ್ಲಿ ಹಾಲ್ ಚಿಕ್ಕದು. ಆದರೆ ಕೆಳಗೇ ಒಂದು ಮಲಗುವ ಕೋಣೆ, ಅದಕ್ಕೆ ಸೇರಿದ ಬಚ್ಚಲು, ಮೆಟ್ಟಿಲು ಮುಂಬಾಗಿಲ ಪಕ್ಕದಲ್ಲಿ. ಹೊಸ ಬಡಾವಣೆಗಳಲ್ಲಿ ಮನೆ ಕಟ್ಟಲು ಹೊರಟ ಅನೇಕ ಕುಟುಂಬಗಳ ಮುಂದೆ ಇಂಥದೇ ಆಯ್ಕೆ ಬಂದು ನಿಲ್ಲುತ್ತದೆ. ಕಣ್ಣು ಹೋಗುವುದು ಮೊದಲನೆಯದರ ಮೇಲೆ. ಒಪ್ಪಿಕೊಳ್ಳಬೇಕಾದ್ದು ಎರಡನೆಯದನ್ನು.

ಲೆಕ್ಕ ಹಾಕಿದರೆ ಇಕ್ಕಟ್ಟು ಗೊತ್ತಾಗುತ್ತದೆ. ಸೈಟು 1,200 ಚದರಡಿ. ಮುಂದೆ 5 ಅಡಿ, ಉಳಿದ ಮೂರು ಕಡೆ 3 ಅಡಿ ಬಿಟ್ಟರೆಂದುಕೊಳ್ಳಿ. ಕಟ್ಟಲು ಸಿಗುವುದು 24×32, ಅಂದರೆ 768 ಚದರಡಿ. ಕಾರಿಗೆ 9×16 ಕೊಟ್ಟು, ಮೆಟ್ಟಿಲಿಗೆ 80 ಚದರಡಿ ತೆಗೆದು, ಒಂಬತ್ತಿಂಚಿನ ಹೊರಗೋಡೆಗಳನ್ನೂ ಕಳೆದರೆ ಉಳಿದದ್ದು 460ರ ಆಸುಪಾಸು. ಇಷ್ಟರಲ್ಲೇ 10×12ರ ಕೋಣೆ, 5×8ರ ಬಚ್ಚಲು, 8×10ರ ಅಡುಗೆಮನೆ ಕೂರಿಸಿದರೂ ಹಾಲ್, ಊಟದ ಜಾಗ, ಒಳಗೋಡೆಗಳಿಗೆಂದು 220 ಚದರಡಿ ಮಿಗುತ್ತದೆ. ಹಾಲ್ ಕುಗ್ಗುತ್ತದೆ, ನಿಜ. ಆದರೆ ಮನೆಯ ಕೆಲಸ ಯಾವುದೂ ನಿಲ್ಲುವುದಿಲ್ಲ.

ಹತ್ತಡಿ ಎತ್ತರದ ಅಂತಸ್ತಿಗೆ ಆರೂವರೆ ಇಂಚು ಚಿಲ್ಲರೆಯ ಹದಿನೆಂಟು ಮೆಟ್ಟಿಲು ಬೇಕು. ನಲವತ್ತೈದರಲ್ಲಿ ಮನೆ ಕಟ್ಟಿ ಇಪ್ಪತ್ತು ವರ್ಷದ ಸಾಲ ಮಾಡಿದವರಿಗೆ ಕೊನೆಯ ಕಂತು ತೀರುವ ಹೊತ್ತಿಗೆ ಅರವತ್ತೈದು. ಅಪ್ಪ ಅಮ್ಮ ಜೊತೆಗಿದ್ದರೆ ಅಷ್ಟು ಕಾಯಬೇಕಾಗಿಯೂ ಇಲ್ಲ. ಮಂಡಿನೋವು ಗೃಹಪ್ರವೇಶದ ದಿನವೇ ಮನೆಯೊಳಗಿರುತ್ತದೆ. ಮಗಳು ಬಾಣಂತನಕ್ಕೆ ಬಂದಾಗ ಬಿಸಿನೀರು, ಎಣ್ಣೆನೀರಿನ ಸ್ನಾನ, ಕೂಸಿನ ಬಟ್ಟೆ, ಹೊತ್ತುಹೊತ್ತಿಗೆ ಖಾರ ಪಥ್ಯದ ಊಟ ಎಲ್ಲವೂ ಆ ಮೆಟ್ಟಿಲ ಮೇಲೆ ಓಡಾಡುತ್ತವೆ. ಯಾರದಾದರೂ ಕಾಲಿನ ಮೂಳೆ ಮುರಿದರಂತೂ ಹಾಲ್‌ನ ಸೋಫಾವೇ ಹಾಸಿಗೆಯಾಗುತ್ತದೆ, ಬಂದವರೆಲ್ಲರ ಕಣ್ಣೆದುರು. ನೋವಿನಲ್ಲಿರುವ ಹಿರಿಯರಿಗೆ ಬಾಗಿಲು ಮುಚ್ಚಿಕೊಳ್ಳುವ ಒಂದು ಕೋಣೆ ಕೊಡಲಾಗದ ಮನೆ ಎಷ್ಟು ಅಂದವಾಗಿದ್ದರೆ ಏನು?

ಆ ಕೋಣೆಯ ಬಚ್ಚಲಿಗೂ ಗಮನ ಬೇಕು. ಸಾಮಾನ್ಯವಾಗಿ ಇಡುವ ಎರಡೂವರೆ ಅಡಿಯ ಬಾಗಿಲಲ್ಲಿ ಗಾಲಿಕುರ್ಚಿ ಸಲೀಸಾಗಿ ನುಗ್ಗುವುದಿಲ್ಲ, ಮೂರಡಿ ಬೇಕು. ಗೋಡೆ ಏಳುವ ಮುಂಚೆ ಇದಕ್ಕೆ ಹೆಚ್ಚಿನ ಖರ್ಚೇ ಇಲ್ಲ.

ಎತ್ತರದ ಹಾಲ್ ಕೇಳುವ ಬೆಲೆಯನ್ನು ಪ್ಲ್ಯಾನ್ ತೋರಿಸುವುದಿಲ್ಲ. 12×14ರ ತೆರವು ಬಿಟ್ಟರೆ ಮೇಲೆ 168 ಚದರಡಿ, ಅಂದರೆ ಒಂದು ಒಳ್ಳೆಯ ಕೋಣೆಯೇ ಹೋಯಿತು. ಜೇಡರಬಲೆ ತೆಗೆಯುವುದರಿಂದ ಬಣ್ಣ ಬಳಿಯುವವರೆಗೆ ಎಲ್ಲದಕ್ಕೂ ಸಾರುವೆ ಕಟ್ಟಬೇಕು. ಮೆಟ್ಟಿಲು ಹಾಲ್‌ನೊಳಗಿದ್ದರೆ ಮುಂದೆಂದೋ ಮೇಲಂತಸ್ತನ್ನು ಬಾಡಿಗೆಗೆ ಕೊಡುವುದೋ, ಮದುವೆಯಾದ ಮಗನಿಗೆ ಬೇರೆ ಒಲೆ ಹೂಡಿಕೊಡುವುದೋ ಕಷ್ಟ. ಮುಂಬಾಗಿಲ ಪಕ್ಕದ ಮೆಟ್ಟಿಲಿಗೆ ಆಗ ಒಂದು ಬಾಗಿಲು ಇಟ್ಟರೆ ಸಾಕು.

ಹಾಗಾದರೆ ಬೆಳಕು? ಎತ್ತರದ ಹಾಲ್ ಬಯಸುವವರ ಈ ಪ್ರಶ್ನೆ ನ್ಯಾಯವಾದದ್ದು. ಎರಡು ಮನೆಗಳ ನಡುವೆ ಆರಡಿ ಸಂದು ಉಳಿದಾಗ ಪಕ್ಕದ ಕಿಟಕಿಗಳು ಹಗಲಲ್ಲೂ ಮಂಕು. ಆದರೆ ಬೆಳಕನ್ನು ಮೇಲಿನಿಂದ ಇಳಿಸಲು ಅಷ್ಟು ದೊಡ್ಡ ತೆರವು ಬೇಕಿಲ್ಲ. ಮಲೆನಾಡು, ಹಳೆ ಮೈಸೂರಿನ ತೊಟ್ಟಿಮನೆಗಳು ನಡುವಿನ ಅಂಗಳದಿಂದ ಬೆಳಕು ತಂದವು. ಉತ್ತರ ಕರ್ನಾಟಕದ ಮಣ್ಣಿನ ಮಾಳಿಗೆ ಮನೆಗಳಿಗೆ ಚಾವಣಿಯ ಬೆಳಕಿಂಡಿಯೇ ಸಾಕಾಗಿತ್ತು. ಇವತ್ತು ಮೆಟ್ಟಿಲ ಗೂಡಿನ ನೆತ್ತಿಗೆ ಗಾಜು ಹಾಕಿ, ಬಿಸಿಗಾಳಿ ಹೊರಹೋಗಲು ಅದರ ಬದಿಯಲ್ಲಿ ಜಾಲರಿ ಬಿಟ್ಟರೆ ಬೆಳಕು ಕೆಳಗಿನವರೆಗೂ ಇಳಿಯುತ್ತದೆ. ಹೇಗೂ ಕೊಟ್ಟಿರುವ 80 ಚದರಡಿಯಲ್ಲೇ ಆ ಕೆಲಸವೂ ಆಗುತ್ತದೆ.

ವಾಸ್ತು ನೋಡುವವರಿಗೂ ಅಡ್ಡಿಯಿಲ್ಲ. ಯಜಮಾನರ ಕೋಣೆಗೆ ಹೇಳುವ ನೈಋತ್ಯ ಮೂಲೆ ಕೆಳಗೂ ಇದೆ. ಅಲ್ಲಿ ಪಶ್ಚಿಮದ ಗೋಡೆ ಮಧ್ಯಾಹ್ನವೆಲ್ಲ ಕಾದು ರಾತ್ರಿ ಒಳಗೆ ಶಾಖ ಬಿಡುತ್ತದೆ. ಕಲಬುರಗಿ, ಬಳ್ಳಾರಿಯಂಥ ಊರುಗಳಲ್ಲಿ ಆ ಗೋಡೆಗೆ ಬಟ್ಟೆ ಕಪಾಟು ಕೂರಿಸಿ, ಮಂಚವನ್ನು ಬೇರೆ ಗೋಡೆಗೆ ಹಾಕುವುದು ಮೇಲು.

ಸಹಿ ಹಾಕುವ ಮುನ್ನ ಎಂಜಿನಿಯರ್ ಹತ್ತಿರ ಕೇಳಬೇಕಾದ್ದು ಬಣ್ಣದ ಎಲಿವೇಷನ್ ಅಲ್ಲ, ಮಂಚ, ಬೀರು, ಫ್ರಿಜ್ಜುಗಳನ್ನು ಅಳತೆಗೆ ತಕ್ಕಂತೆ ಬರೆದ ಪ್ಲ್ಯಾನ್. 10×10ರ ಕೋಣೆಯಲ್ಲಿ ಆರೂವರೆ ಅಡಿ ಉದ್ದದ ಮಂಚದ ಕಾಲ ಕಡೆಗೆ ಎರಡಡಿಯ ಕಪಾಟು ಬಂದರೆ ಓಡಾಡಲು ಉಳಿಯುವುದು ಒಂದೂವರೆ ಅಡಿ; ಕಪಾಟಿನ ಬಾಗಿಲನ್ನೂ ಪೂರ್ತಿ ತೆರೆಯಲಾಗದು. ಪಾಯಕ್ಕೆ ಸುಣ್ಣದ ಪುಡಿಯಲ್ಲಿ ಗುರುತು ಹಾಕುವ ದಿನ ಮನೆಯ ಹಿರಿಯರನ್ನೂ ಅಡುಗೆ ಮಾಡುವವರನ್ನೂ ಸೈಟಿಗೆ ಕರೆದೊಯ್ದು ಆ ಗೆರೆಗಳೊಳಗೆ ನಡೆಸಬೇಕು. ಬಚ್ಚಲು ದೂರವಾಯಿತು, ಒಲೆಯ ಮುಂದೆ ಇಬ್ಬರು ನಿಲ್ಲಲಾಗದು ಎಂದು ಅವರು ಹೇಳಿದರೆ ಗೆರೆಯನ್ನು ಅಲ್ಲೇ ಅಳಿಸಿ ಬೇರೆ ಎಳೆಯಬಹುದು.