ವದಂತಿಯ ವೇಗ, ವಿಶ್ವಾಸದ ಕೊರತೆ

2012ರ ಆಗಸ್ಟ್‌ನಲ್ಲಿ, ದಾಳಿ ನಡೆಯಲಿದೆಯೆಂಬ ವದಂತಿಗೆ ಬೆದರಿ ಈಶಾನ್ಯ ರಾಜ್ಯಗಳ ಸಹಸ್ರಾರು ಜನರು ಬೆಂಗಳೂರನ್ನು ತೊರೆದರು. ಅವರಲ್ಲಿ ಕ್ರೈಸ್ತ ಸಹೋದರರೂ ಇದ್ದರು. ಸರ್ಕಾರ ಅಭಯವಿತ್ತರೂ ರೈಲುಗಳು ತುಂಬಿದವು. ಕೇಂದ್ರವು 15 ದಿನ ಸಾಮೂಹಿಕ ಎಸ್‌ಎಂಎಸ್‌ಗಳನ್ನು ನಿರ್ಬಂಧಿಸಬೇಕಾಯಿತು. ಅನಾಮಿಕ ಸಂದೇಶಕ್ಕಿದ್ದ ಬೆಲೆ ಅಧಿಕೃತ ಮಾತಿಗೆ ಇರಲಿಲ್ಲ.

ವಿಶ್ವಾಸವು ಸಂಕಟದ ದಿನ ಹುಟ್ಟುವಂಥದಲ್ಲ. ತುಮಕೂರಿನಲ್ಲಾಗಲಿ, ಗುಬ್ಬಿ, ಕುಣಿಗಲ್‌ಗಳಲ್ಲಾಗಲಿ, ಕಚೇರಿ ಠಾಣೆಗಳಲ್ಲಿ ಬಡವನ ಅಹವಾಲಿಗೆ ನಿತ್ಯ ದೊರೆಯುವ ನೇರ ಉತ್ತರದಿಂದಲೇ ಅದು ಬೆಳೆಯಬೇಕು.

ನಮಗೂ ಹೊಣೆಯುಂಟು. 2018ರ ವಿಶ್ವ ಸಂಪರ್ಕ ದಿನದ ಸಂದೇಶದಲ್ಲಿ ಜಗದ್ಗುರು ಫ್ರಾನ್ಸಿಸರು ಸುಳ್ಳುಸುದ್ದಿಯಲ್ಲಿ ಏದೆನ್ ತೋಟದ ಸರ್ಪದ ತಂತ್ರವನ್ನು ಕಂಡರು. ಸುಳ್ಳುಸಾಕ್ಷಿಯನ್ನು ನಿಷೇಧಿಸುವ ಎಂಟನೆಯ ಕಟ್ಟಳೆ ಮೊಬೈಲಿಗೂ ಅನ್ವಯಿಸುತ್ತದೆ. ಸುದ್ದಿ ಬಂದಾಗ ಮೊದಲು ವಿಚಾರಿಸೋಣ. ನಿಜ ತಿಳಿಯದಿದ್ದರೆ ಮುಂದೆ ಕಳುಹಿಸದಿರೋಣ.