ರೋಗಶಯ್ಯೆಯ ಬಳಿ ಹುಟ್ಟಿದ ನಗೆ

ಮಕ್ಕಳ ಪುಸ್ತಕವೆಂದೊಡನೆ ಅದನ್ನು ಮಕ್ಕಳ ಕೈಗಿತ್ತು ಹಿರಿಯರು ತಮ್ಮ ಕೆಲಸಕ್ಕೆ ತೆರಳುವುದು ವಾಡಿಕೆ. ಸ್ವೀಡನ್ನಿನ ಲೇಖಕಿ ಆಸ್ಟ್ರಿಡ್ ಲಿಂಡ್‌ಗ್ರೆನ್ ಅವರ ‘ಪಿಪ್ಪಿ ಲಾಂಗ್‌ಸ್ಟಾಕಿಂಗ್’ ಕಾದಂಬರಿಯನ್ನು ಮಾತ್ರ ಹಾಗೆ ಮಾಡದೆ, ಮನೆಮಂದಿಯೆಲ್ಲ ಕೂಡಿ ಓದಬೇಕೆಂದು ನನ್ನ ಬಿನ್ನಹ.

ಈ ಕಥೆ ಹುಟ್ಟಿದ್ದೇ ರೋಗಶಯ್ಯೆಯ ಬಳಿ. 1941ರಲ್ಲಿ ನ್ಯುಮೋನಿಯಾದಿಂದ ಮಲಗಿದ್ದ ಏಳು ವರ್ಷದ ಮಗಳು ಕಾರಿನ್, ತಾನೇ ಕಲ್ಪಿಸಿದ ಹೆಸರೊಂದನ್ನು ನುಡಿದು, ಅವಳ ಕಥೆ ಹೇಳೆಂದು ತಾಯಿಯನ್ನು ಕಾಡಿದಳು. ವಿಚಿತ್ರವಾದ ಹೆಸರಿಗೆ ತಕ್ಕ ವಿಚಿತ್ರ ಹುಡುಗಿಯನ್ನು ತಾಯಿ ಸೃಷ್ಟಿಸಿದರು. 1944ರಲ್ಲಿ ಹಿಮದ ಮೇಲೆ ಜಾರಿ, ಕಾಲು ಉಳುಕಿ, ತಾವೇ ಹಾಸಿಗೆ ಹಿಡಿದಾಗ ಅದನ್ನು ಬರೆದು, ಮಗಳ ಹತ್ತನೆಯ ಹುಟ್ಟುಹಬ್ಬಕ್ಕೆ ಉಡುಗೊರೆಯಾಗಿ ಕೊಟ್ಟರು. ಒಬ್ಬ ಪ್ರಕಾಶಕರು ನಿರಾಕರಿಸಿದ ಈ ಕೃತಿಯನ್ನು ಮತ್ತೊಬ್ಬರು 1945ರಲ್ಲಿ ಪ್ರಕಟಿಸಿದರು.

ಒಂಬತ್ತು ವರ್ಷದ ಪಿಪ್ಪಿ ಒಂದು ಕುದುರೆ, ಒಂದು ಕೋತಿಯೊಡನೆ ಹಳೆಯ ಮನೆಯೊಂದರಲ್ಲಿ ಒಬ್ಬಳೇ ವಾಸಿಸುತ್ತಾಳೆ. ಕುದುರೆಯನ್ನೇ ಎತ್ತಬಲ್ಲ ಬಲಶಾಲಿ. ದಿಂಬಿನ ಮೇಲೆ ಕಾಲಿಟ್ಟು ಮಲಗುವವಳು. ಶಾಲೆಗೆ ಹೋಗದ ತನಗೆ ಕ್ರಿಸ್‌ಮಸ್ ರಜೆಯೂ ಇಲ್ಲವಲ್ಲ ಎಂಬ ಕೊರಗಿನಿಂದ ಒಂದು ದಿನ ಶಾಲೆಗೆ ಹೋಗುತ್ತಾಳೆ!

ಸುಳ್ಳಿನ ಕಂತೆ ಕಟ್ಟುವ, ಶಿಸ್ತನ್ನರಿಯದ ಇವಳು ನಮ್ಮ ಮಕ್ಕಳಿಗೆ ಮೇಲ್ಪಂಕ್ತಿಯೇ ಎಂದು ಕೆಲವರು ಆಕ್ಷೇಪಿಸಬಹುದು. ಆದರೆ ಈಕೆ ದುರ್ಬಲರನ್ನು ಪೀಡಿಸುವುದಿಲ್ಲ, ಪೀಡಿಸುವವರನ್ನು ತಡೆಯುತ್ತಾಳೆ. ಚಿನ್ನ ಕದಿಯಲು ಬಂದ ಕಳ್ಳರನ್ನು ಕುಣಿಸಿ ದಣಿಸಿ, ಕೊನೆಗೆ ಒಬ್ಬೊಬ್ಬರಿಗೂ ಒಂದೊಂದು ಚಿನ್ನದ ನಾಣ್ಯವಿತ್ತು ಕಳುಹಿಸುತ್ತಾಳೆ. ತನ್ನ ಹುಟ್ಟುಹಬ್ಬಕ್ಕೆ ಬಂದ ಗೆಳೆಯರಿಗೆ ತಾನೇ ಉಡುಗೊರೆ ಕೊಡುತ್ತಾಳೆ. ಸ್ವರ್ಗದಲ್ಲಿರುವ ತಾಯಿಗೆ ಕೈಬೀಸಿ, ತನ್ನ ಬಗ್ಗೆ ಚಿಂತೆ ಬೇಡವೆಂದು ಧೈರ್ಯ ಹೇಳುವವಳೂ ಇವಳೇ. ಮಕ್ಕಳು ನಕ್ಕು ಮುಂದೆ ಸಾಗುವ ಆ ಸಾಲಿನಲ್ಲಿ ಹಿರಿಯರ ಕಣ್ಣು ತೇವವಾಗುತ್ತದೆ.

ಕೃತಿಯಲ್ಲಿ ಕುಂದಿಲ್ಲವೆಂದಲ್ಲ. ಕಪ್ಪು ಜನರನ್ನು ಕುರಿತ ಹಳೆಯ ಕಾಲದ ಹೀನಪದವನ್ನು 2015ರ ಸ್ವೀಡಿಷ್ ಆವೃತ್ತಿಯಲ್ಲಿ ಬದಲಾಯಿಸಲಾಯಿತು. ಹಳೆಯ ಪ್ರತಿ ದೊರೆತವರು ಮಕ್ಕಳಿಗೆ ಅದನ್ನು ವಿವರಿಸುವುದು ಲೇಸು.

ಮಹಾನಗರಗಳ ನಮ್ಮ ಮನೆಗಳಲ್ಲಿ ತಂದೆತಾಯಿಗಳು ದುಡಿಮೆಯಿಂದ ಮರಳುವವರೆಗೆ ಒಂಟಿಯಾಗಿರುವ ಮಕ್ಕಳು ಎಷ್ಟಿಲ್ಲ? ಅವರಿಗೆ ಪಿಪ್ಪಿ ಒಳ್ಳೆಯ ಜೊತೆಗಾತಿ. ಇಂಗ್ಲಿಷ್ ಪುಸ್ತಕವನ್ನು ಕೈಯಲ್ಲಿ ಹಿಡಿದು, ರಾತ್ರಿಗೊಂದು ಅಧ್ಯಾಯದಂತೆ ಕನ್ನಡದಲ್ಲಿ ಹೇಳಿರಿ. ಶಾಲೆಯಲ್ಲಿ ಕನ್ನಡ ಕಾಣದ ಮಕ್ಕಳ ಕಿವಿಗೆ ನಮ್ಮ ನುಡಿ ಬುದ್ಧಿವಾದವಾಗಿ ಅಲ್ಲ, ನಗೆಯಾಗಿ ತಲುಪಲಿ. ಜ್ವರಕ್ಕೆ ಔಷಧವನ್ನು ವೈದ್ಯರು ಕೊಡುತ್ತಾರೆ. ಹಾಸಿಗೆಯ ಪಕ್ಕದಲ್ಲಿ ಕುಳಿತು ಹೇಳುವ ಕಥೆಯನ್ನು ಮನೆಯವರೇ ಕೊಡಬೇಕು.