ಚೀಸಿಗೆ ಹೆಸರುಂಟು, ಹಾಲು ಕರೆದವರಿಗಿಲ್ಲ

ಇಟಲಿಗೆ ಹೋಗಿಬಂದ ನಮ್ಮವರು ಒಂದು ಮಾತನ್ನು ತಪ್ಪದೆ ಹೇಳುತ್ತಾರೆ: "ಊಟದ ಬೆಲೆ ಗೊತ್ತಿರೋದು ಅವರಿಗೆ ಕಣ್ರೀ. ಯಾವ ಪದಾರ್ಥ ಯಾವ ಊರಿಂದ ಬಂತು, ಯಾರು ಮಾಡಿದ್ದು, ಎಲ್ಲಾ ಹೇಳ್ತಾರೆ." ಮ್ಯೂನಿಕ್‌ನ ಕನ್ನಡಿಗರ ಮನೆಗಳಲ್ಲಿ ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಎಮಿಲಿಯಾ-ರೊಮಾನ್ಯಾ ಪ್ರಾಂತ್ಯದಲ್ಲಿ ಮೂರು ದಿನದ ಆಹಾರ-ವೈನ್ ಪ್ರವಾಸ ಮುಗಿಸಿ ಬಂದಿರುವ ನನಗೆ ಈಗ ಈ ಮಾತಿನ ಮೇಲೆ ತಕರಾರಿದೆ. ಅವರು ಎಲ್ಲಾ ಹೇಳುವುದಿಲ್ಲ. ಮಾರಾಟಕ್ಕೆ ಒದಗುವಷ್ಟನ್ನು ಹೇಳುತ್ತಾರೆ. ಉಳಿದದ್ದನ್ನು ನಾವೂ ಕೇಳುವುದಿಲ್ಲ.

ಅವರ ಹೆಗ್ಗಳಿಕೆಯನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಪಾರ್ಮಾ, ರೆಜ್ಜೊ ಎಮಿಲಿಯಾ, ಮೊದೆನಾ ಜಿಲ್ಲೆಗಳು, ಬೊಲೋನ್ಯಾ ಮತ್ತು ಮಾಂತೊವಾ ಜಿಲ್ಲೆಗಳ ಒಂದೊಂದು ಭಾಗ, ಇಷ್ಟರ ಹೊರಗೆ ಮಾಡಿದ ಚೀಸನ್ನು ಪಾರ್ಮಿಜಾನೊ ರೆಜ್ಜಾನೊ ಎಂದು ಕರೆಯುವಂತಿಲ್ಲ. ಹಸುಗಳಿಗೆ ರಸಮೇವು ಹಾಕುವಂತಿಲ್ಲ. ಸಂಜೆಯ ಹಾಲನ್ನು ರಾತ್ರಿಯಿಡೀ ಇಟ್ಟು, ಕೆನೆ ತೆಗೆದು, ಬೆಳಗಿನ ಹಾಲಿಗೆ ಬೆರೆಸಿ ತಾಮ್ರದ ಕೊಪ್ಪರಿಗೆಗೆ ಸುರಿಯುತ್ತಾರೆ. ಸುಮಾರು 40 ಕಿಲೊ ತೂಗುವ ಒಂದು ಚಕ್ರಕ್ಕೆ ಹೆಚ್ಚುಕಡಿಮೆ 550 ಲೀಟರ್ ಹಾಲು ಬೇಕು. ಅದು ಕನಿಷ್ಠ 12 ತಿಂಗಳು ಮಾಗಬೇಕು. ಆಮೇಲೆ ತಜ್ಞರೊಬ್ಬರು ಸಣ್ಣ ಸುತ್ತಿಗೆಯಿಂದ ತಟ್ಟಿ, ಕಿವಿಗೊಟ್ಟು ಕೇಳಿ ಒಳಗೆ ಬಿರುಕಿದೆಯೋ ಇಲ್ಲವೋ ಹೇಳುತ್ತಾರೆ, ಸಂತೆಯಲ್ಲಿ ನಮ್ಮಜ್ಜಿ ತೆಂಗಿನಕಾಯಿ ತಟ್ಟಿ ನೋಡುತ್ತಿದ್ದ ಹಾಗೆ. ಅಲ್ಲಿಯ ಬ್ಯಾಂಕೊಂದು ಈ ಚಕ್ರಗಳನ್ನು ಅಡವಿಟ್ಟುಕೊಂಡು ಸಾಲ ಕೊಡುತ್ತದೆ. ಚಿನ್ನ ಅಡವಿಟ್ಟು ಬೆಳೆದ ನಮಗೆ ಇದನ್ನು ಎರಡು ಸಲ ವಿವರಿಸಬೇಕಾಗಲಿಲ್ಲ.

ಮೊದೆನಾದ ಸಾಂಪ್ರದಾಯಿಕ ಬಾಲ್ಸಾಮಿಕ್ ವಿನೆಗರಿನ ಕಥೆ ಇನ್ನೂ ದೊಡ್ಡದು. ದ್ರಾಕ್ಷಿಯ ರಸವನ್ನು ಕುದಿಸಿ ಇಂಗಿಸಿ, ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಇಟ್ಟ ಮರದ ಪೀಪಾಯಿಗಳಲ್ಲಿ ಕನಿಷ್ಠ 12 ವರ್ಷ ಬಿಡುತ್ತಾರೆ. ಮೇಲ್ದರ್ಜೆಯದಕ್ಕೆ 25 ವರ್ಷ. ಮನೆಯಲ್ಲಿ ಹೆಣ್ಣುಮಗು ಹುಟ್ಟಿದಾಗ ಒಂದು ಸಾಲು ಪೀಪಾಯಿ ಹೂಡುವ ಪದ್ಧತಿ ಇತ್ತಂತೆ. ಅದನ್ನು ತುಂಬುವ 100 ಮಿಲಿಲೀಟರಿನ ಬಾಟಲಿಯನ್ನು ವಿನ್ಯಾಸ ಮಾಡಿದವರು ಕಾರುಗಳ ವಿನ್ಯಾಸಕ್ಕೆ ಹೆಸರಾದ ಜುಜಾರೊ. ಬಾಟಲಿಗೂ ಒಬ್ಬ ಕರ್ತೃವಿದ್ದಾನೆ, ನೋಡಿ. ಇನ್ನು ಲಾಂಬ್ರುಸ್ಕೊ ವೈನ್. ಕೆಂಪಗಿದ್ದೂ ನೊರೆಯುಕ್ಕುವ ಇದನ್ನು ಅಗ್ಗದ ಮಾಲು ಎಂದು ಮೂಗು ಮುರಿಯುವವರಿದ್ದಾರೆ. ಸೊರ್ಬಾರಾ ಕಡೆಯ ಲಾಂಬ್ರುಸ್ಕೊ ಕುಡಿದ ಮೇಲೆ ಅವರ ಅಭಿಪ್ರಾಯ ನನಗೆ ಬೇಕಿಲ್ಲ.

ಇಷ್ಟೆಲ್ಲ ವಿವರ ಹೇಳುವ ಬಾಯಿ ಒಂದೇ ಒಂದು ಕಡೆ ಜಾರುತ್ತದೆ. ಚೀಸ್ ತಯಾರಿಸುವ ಮನೆಯಲ್ಲಿ ನಮ್ಮ ಮಾರ್ಗದರ್ಶಿ ವಿವರಣೆ ಶುರುಮಾಡಿದ್ದು ಹೀಗೆ: "ಬೆಳಿಗ್ಗೆ ಹಾಲು ಬರುತ್ತದೆ." ಹಾಲು ತಾನೇ ನಡೆದುಕೊಂಡು ಬರುತ್ತದೆಯೇ? ಹಾಲು ಕರೆಯುವುದು ದಿನಕ್ಕೆ ಎರಡು ಹೊತ್ತಿನ ಕೆಲಸ. ಹಸುವಿಗೆ ಭಾನುವಾರವಿಲ್ಲ, ಕ್ರಿಸ್‌ಮಸ್ ಇಲ್ಲ. ಆದ್ದರಿಂದ ಚೀಸಿಗೂ ಇಲ್ಲ. ಪೋ ನದಿಯ ಬಯಲಿನ ಹುಡುಗರು ಕೊಟ್ಟಿಗೆ ಬಿಟ್ಟು ಸಸ್ಸುವೊಲೊದ ಟೈಲ್ಸ್ ಕಾರ್ಖಾನೆಗಳಿಗೆ, ಯಂತ್ರದ ಕಾರ್ಖಾನೆಗಳಿಗೆ ಹೋದರು. 1980-90ರ ದಶಕಗಳಿಂದ ಆ ಕೊಟ್ಟಿಗೆಗಳಿಗೆ ಬಂದು ಸೇರಿದವರಲ್ಲಿ ದೊಡ್ಡ ಪಾಲು ಪಂಜಾಬಿನ ಸಿಖ್ಖರದು. ರೆಜ್ಜೊ ಎಮಿಲಿಯಾ ಜಿಲ್ಲೆಯ ನೊವೆಲ್ಲಾರಾದಲ್ಲಿ ಅವರು ಕಟ್ಟಿದ ಗುರುದ್ವಾರ 2000ದಲ್ಲಿ ತೆರೆಯಿತು. ಅಂದು ಯುರೋಪಿಯನ್ ಕಮಿಷನ್‌ನ ಅಧ್ಯಕ್ಷರಾಗಿದ್ದ ರೊಮಾನೊ ಪ್ರೋದಿ ಆ ಸಮಾರಂಭಕ್ಕೆ ಬಂದಿದ್ದರು. ಅವರೂ ಅದೇ ಜಿಲ್ಲೆಯವರು. ಅಂದರೆ ಇದು ಮುಚ್ಚಿಟ್ಟ ಸಂಗತಿಯೇನಲ್ಲ, ಊರಿಗೆಲ್ಲ ಗೊತ್ತಿರುವುದೇ. ತಲೆಗೆ 900 ಯೂರೋ ಕೊಟ್ಟು ಬಂದವರಿಗೆ ಮಾತ್ರ ಗೊತ್ತಾಗಕೂಡದು.

ಮೂರನೆಯ ದಿನ ಬೆಳಿಗ್ಗೆ ತಿಂಡಿಗೆ ಮುಂಚೆ ನಡೆಯಲು ಹೋದಾಗ ಸೈಕಲ್ ತಳ್ಳಿಕೊಂಡು ಬರುತ್ತಿದ್ದ, ಪೇಟ ಸುತ್ತಿದ ಒಬ್ಬರು ಎದುರಾದರು. ನನ್ನ ಹರಕುಮುರುಕು ಹಿಂದಿಯಲ್ಲೇ ಮಾತಾಡಿಸಿದೆ. ಹೋಶಿಯಾರ್‌ಪುರದ ಕಡೆಯವರು. ನಸುಕಿನ ಮೂರು ಗಂಟೆಗೆ ಎದ್ದು ಹಾಲು ಕರೆದು ಮನೆಗೆ ಮರಳುತ್ತಿದ್ದರು. ನಾವು ಹಿಂದಿನ ದಿನ ನೋಡಿದ ಚೀಸ್ ಮನೆಗೇ ಅವರ ಕೊಟ್ಟಿಗೆಯ ಹಾಲು ಹೋಗುವುದಂತೆ. "ಪ್ರವಾಸಿಗಳು ನಿಮ್ಮ ಕಡೆಗೂ ಬರ್ತಾರಾ ಪಾಜಿ?" ಅಂದೆ. "ಕೊಟ್ಟಿಗೆಗೆ ಯಾರು ಬರ್ತಾರೆ, ವಾಸನೆ ಅಲ್ವಾ" ಎಂದು ನಕ್ಕು, ಮಗಳು ಬೊಲೋನ್ಯಾದಲ್ಲಿ ಓದುತ್ತಿರುವ ವಿಷಯಕ್ಕೆ ಹೋದರು. ಅವರಿಗೆ ಮಾತಾಡಲು ಅದೇ ಮುಖ್ಯವಾಗಿತ್ತು.

ನಮ್ಮ ಗುಂಪಿನ ಸಸ್ಯಾಹಾರಿಗಳು ಒಂದು ಪ್ರಶ್ನೆ ಕೇಳಿದರು, ಅದನ್ನೂ ಹೇಳಬೇಕು. ಹಾಲು ಒಡೆಯಲು ಏನು ಹಾಕುತ್ತೀರಿ? ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್, ನಿಯಮವೇ ಹಾಗಿದೆ ಎಂದು ಉತ್ತರ ಬಂತು. ನಾಲ್ಕು ಜನ ತಟ್ಟೆ ಕೆಳಗಿಟ್ಟರು. ಒಬ್ಬರು, "ಹೇಳದೇ ಇದ್ದಿದ್ರೆ ಚೆನ್ನಾಗಿತ್ತು" ಎಂದು ಗೊಣಗಿದರು. ಅವರ ನೇಮವನ್ನು ನಾನು ಆಡಿಕೊಳ್ಳುತ್ತಿಲ್ಲ. ಬಾಯಿಗೆ ಹೋಗುವುದರ ಮೂಲ ವಿಚಾರಿಸುವುದು ನಮ್ಮ ಹಳೆಯ ಸಂಸ್ಕಾರ, ಒಳ್ಳೆಯದೇ. ಆದರೆ ಆ ವಿಚಾರಣೆ ಕರುವಿನ ಹೊಟ್ಟೆಯವರೆಗೆ ಹೋಗಿ, ಕರುವಿನ ತಾಯಿಯನ್ನು ಕರೆದ ಕೈಯನ್ನು ಮುಟ್ಟದೆ ಹಿಂದಕ್ಕೆ ಬರುತ್ತದೆಯಲ್ಲ, ನನ್ನ ಜಗಳ ಅದರ ಜೊತೆ.

2012ರ ಭೂಕಂಪದ ಕಥೆಯನ್ನೂ ನಮಗೆ ಚೆನ್ನಾಗಿ ಹೇಳಿದರು. ಮೇ 20 ಮತ್ತು 29ರಂದು ನೆಲ ನಡುಗಿ ಉಗ್ರಾಣಗಳಲ್ಲಿ ಚೀಸಿನ ಚಕ್ರಗಳು ಲಕ್ಷಗಟ್ಟಲೆ ಉರುಳಿಬಿದ್ದವು. ಮೊದೆನಾದ ಪ್ರಸಿದ್ಧ ಬಾಣಸಿಗ ಮಾಸ್ಸಿಮೊ ಬೊತ್ತೂರಾ ಆ ಚೀಸ್ ಬಳಸಿ ಹೊಸದೊಂದು ರಿಸೊತ್ತೊ ಮಾಡಿ, ಎಲ್ಲರೂ ಮಾಡಿ ಎಂದು ಕರೆಕೊಟ್ಟರು. ಜಗತ್ತಿನ ಎಷ್ಟೋ ಜನ ಆ ಚೀಸ್ ಕೊಂಡು ನೆರವಾದರು. ಕೇಳುವಾಗ ನನಗೂ ಗಂಟಲು ಕಟ್ಟಿತು. ಅದೇ 29ರಂದು ಸಾನ್ ಫೆಲಿಚೆ ಸುಲ್ ಪನಾರೊ ಎಂಬ ಊರಿನಲ್ಲಿ ಕಾರ್ಖಾನೆ ಕುಸಿದು ಸತ್ತವರಲ್ಲಿ ಭಾರತದಿಂದ ಬಂದ ಕೆಲಸಗಾರನೊಬ್ಬನೂ, ಮೊರಾಕ್ಕೊದಿಂದ ಬಂದವನೊಬ್ಬನೂ ಇದ್ದರು. ಇದು ಕಥೆಯಲ್ಲಿ ಬರಲಿಲ್ಲ. ಬಿದ್ದ ಚೀಸಿಗೆ ಅಷ್ಟು ಹೊತ್ತು ಕೊಟ್ಟವರು ಇದಕ್ಕೆ ಒಂದು ವಾಕ್ಯ ಕೊಡಬಹುದಿತ್ತು.

ಇದನ್ನೆಲ್ಲ ಬಸ್ಸಿನಲ್ಲಿ ಎತ್ತಿದಾಗ ನಮ್ಮ ಗುಂಪಿನ ಹಿರಿಯರೊಬ್ಬರು, "ರಜೆಗೆ ಬಂದಿದ್ದು ಮಾರಾಯ್ರೆ, ಯೂನಿಯನ್ ಮೀಟಿಂಗಿಗಲ್ಲ" ಎಂದರು. ಎಲ್ಲರೂ ನಕ್ಕರು. ಇನ್ನೊಬ್ಬರ ಮಾತು ಹೆಚ್ಚು ಗಟ್ಟಿಯಾಗಿತ್ತು: "ಅವರಿಗೆ ಕಾನೂನಿನ ಪ್ರಕಾರ ಸಂಬಳ ಇದೆ, ಮನೆ ಇದೆ, ಎಷ್ಟೋ ಜನಕ್ಕೆ ಪೌರತ್ವವೂ ಸಿಕ್ಕಿದೆ. ನಿಮ್ಮ ಕನಿಕರ ಅವರಿಗ್ಯಾಕೆ?" ಸರಿ, ಬೇಕಿಲ್ಲ. ರೋಮಿನ ದಕ್ಷಿಣಕ್ಕಿರುವ ಲಾತಿನಾದಲ್ಲಿ 2024ರ ಜೂನ್‌ನಲ್ಲಿ ಸತ್ನಾಮ್ ಸಿಂಗ್ ಎಂಬ ಕೃಷಿ ಕೂಲಿಯ ತೋಳನ್ನು ಯಂತ್ರ ಕತ್ತರಿಸಿದಾಗ, ಆಸ್ಪತ್ರೆಗೆ ಒಯ್ಯದೆ ಮನೆಯ ಹತ್ತಿರ ಬಿಟ್ಟುಹೋದರು. ಆತ ಉಳಿಯಲಿಲ್ಲ. ಕೂಲಿಗಳನ್ನು ದಲ್ಲಾಳಿಗಳ ಮೂಲಕ ದುಡಿಸಿಕೊಳ್ಳುವುದರ ವಿರುದ್ಧ ಇಟಲಿ 2016ರಲ್ಲೇ ಕಠಿಣ ಕಾನೂನು ಮಾಡಿತ್ತು, ಆದರೂ ಹೀಗಾಯಿತು. ಎಮಿಲಿಯಾದ ಕೊಟ್ಟಿಗೆಯನ್ನು ಲಾತಿನಾದ ಹೊಲದ ಜೊತೆ ನಾನು ಸಮ ಮಾಡುತ್ತಿಲ್ಲ. ಸಹಕಾರ ಸಂಘಗಳ, ಕಾರ್ಮಿಕ ಸಂಘಗಳ ನಾಡು ಅದು. ನನ್ನ ಪ್ರಶ್ನೆ ಹುಟ್ಟುವುದು ಅಲ್ಲಿಂದಲೇ. ನಾಚಿಕೆಪಡುವಂಥದ್ದು ಏನೂ ಇಲ್ಲದಿದ್ದರೆ ತೋರಿಸುವುದಕ್ಕೇನು ಕಷ್ಟ? ಪೇಟ ಸುತ್ತಿದ ತಲೆಗಳು ಚಿತ್ರದಲ್ಲಿ ಬಂದರೆ 'ಅಜ್ಜಿಯ ಕಾಲದಿಂದ ಒಂದೂ ಬದಲಾಗಿಲ್ಲ' ಎಂಬ ಮಾತು ಮಾರಾಟವಾಗುವುದಿಲ್ಲ. ಕಷ್ಟ ಅಷ್ಟೇ. ಆ ಅಜ್ಜಿಯ ಚಿತ್ರಕ್ಕೆ ದುಡ್ಡು ಕೊಡುವವರು ನಾವು.

ಊಟದ ಕೊನೆಗೆ ಎಸ್‌ಪ್ರೆಸೊ ಬಂತು. ಮೆನುವಿನಲ್ಲಿ ಚೀಸಿನ ತಿಂಗಳುಗಳಿದ್ದವು, ವೈನಿನ ಊರಿತ್ತು, ವಿನೆಗರಿನ ಮನೆತನವಿತ್ತು. ಕಾಫಿಗೆ ಬರೀ 'ಕಾಫಿ' ಎಂದಿತ್ತು. "ಇದಂತೂ ಅಪ್ಪಟ ಇಟಲಿ" ಎಂದರು ಮಾರ್ಗದರ್ಶಿ. ಮೂಡಿಗೆರೆ ಕಡೆ ಹುಟ್ಟಿದವನ ಎದುರು! ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶ ಇಟಲಿ. ಭಾರತದ ಕಾಫಿಯಲ್ಲಿ ಸುಮಾರು 70 ಶೇಕಡಾ ಕರ್ನಾಟಕದ್ದು. ಎಸ್‌ಪ್ರೆಸೊ ಮೇಲಿನ ಆ ದಟ್ಟ ನೊರೆಗೆ ರೋಬಸ್ಟಾ ಬೇಕು; ಕೊಡಗು, ಚಿಕ್ಕಮಗಳೂರು, ಹಾಸನದಿಂದ ಮೂಟೆಗಟ್ಟಲೆ ಹೋಗುವುದು ಅದಕ್ಕೇ. ಆ ಬಟ್ಟಲಿನಲ್ಲಿ ನಮ್ಮ ಬೀಜ ಇತ್ತೆಂದು ನಾನು ಆಣೆ ಇಡಲಾರೆ. ಆ ಮೇಜಿನಲ್ಲಿ ಯಾರೂ ಇಡಲಾರರು, ಏಕೆಂದರೆ ಪೊಟ್ಟಣದ ಮೇಲೆ ಇದ್ದದ್ದು ಹುರಿದವನ ಹೆಸರು ಮಾತ್ರ. ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿಯ ಅರೇಬಿಕಾಗಳಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ತಮ್ಮ ಚೀಸಿನ ಹೆಸರನ್ನು ಜರ್ಮನಿಯವರು ಬಳಸಿದರೆ ಯುರೋಪಿನ ನ್ಯಾಯಾಲಯದವರೆಗೆ ಹೋಗುವ ಜನ, ನಮ್ಮೂರ ಹೆಸರನ್ನೂ ಒಂದು ಸಾಲಿನಲ್ಲಿ ಬರೆಯಬಹುದಲ್ಲ.

ಹಾಗೆಂದು ಊರಿನವರು ಇದನ್ನು ಓದಿ ಬೀಗುವಂತೆಯೂ ಇಲ್ಲ. ಮಲೆನಾಡಿನ ಹೋಂಸ್ಟೇಗಳಲ್ಲಿ ಈಗ 'ಬೀನ್‌ನಿಂದ ಕಪ್ಪಿನವರೆಗೆ' ತೋಟದರ್ಶನ ನಡೆಯುತ್ತದೆ. ಹೂವಿನ ಮಳೆ, ನೆರಳಿನ ಮರ, ಅಜ್ಜ ಕಟ್ಟಿಸಿದ ಮನೆ, ಅಕ್ಕಿರೊಟ್ಟಿ. ಹಣ್ಣು ಕೊಯ್ಯುವವರು ಅಸ್ಸಾಮಿನಿಂದ, ಜಾರ್ಖಂಡಿನಿಂದ ಬಂದು ಲೈನ್ ಮನೆಗಳಲ್ಲಿ ಇರುವವರು. ದರ್ಶನದ ದಾರಿ ಆ ಲೈನನ್ನು ಬಳಸಿಕೊಂಡು ಹೋಗುತ್ತದೆ. ನನ್ನ ಸೋದರಮಾವನ ತೋಟದಲ್ಲಿಯೂ ಹಾಗೇ. "ಗೆಸ್ಟ್‌ಗಳಿಗೆ ಅದೆಲ್ಲ ಯಾಕೆ ಮಾರಾಯ?" ಎನ್ನುತ್ತಾರೆ ಮಾವ. ಅವರು ಎಮಿಲಿಯಾ ನೋಡಿಲ್ಲ, ಆದರೂ ಮಾತು ಅದೇ.

ಈ ಅಕ್ಟೋಬರಿನಲ್ಲಿ ನಮ್ಮ ಗುಂಪು ಪಿಯೆಮೊಂತೆಗೆ ಹೊರಟಿದೆ, ಆಲ್ಬಾದ ಬಿಳಿ ಟ್ರಫಲ್ ಮತ್ತು ಬರೋಲೊ ವೈನಿಗಾಗಿ. ದ್ರಾಕ್ಷಿ ಕೊಯ್ಯುವವರನ್ನು ಒಂದು ಗಂಟೆ ಭೇಟಿ ಮಾಡಿಸಿ, ಅವರ ಸಮಯಕ್ಕೆ ಕೂಲಿಯನ್ನೂ ನಾವೇ ಕೊಡುತ್ತೇವೆ ಎಂದು ಪ್ರವಾಸದ ಕಂಪನಿಗೆ ಬರೆದಿದ್ದೆ. ಅಂಥ ಭೇಟಿ ತಮ್ಮ ಕಾರ್ಯಕ್ರಮದ ಸ್ವರೂಪಕ್ಕೆ ಹೊಂದುವುದಿಲ್ಲ, ಬದಲಿಗೆ ಹೆಚ್ಚುವರಿ ಶುಲ್ಕವಿಲ್ಲದೆ ಟ್ರಫಲ್ ಹುಡುಕುವ ನಾಯಿಯ ಜೊತೆ ಫೋಟೊ ತೆಗೆಸಿಕೊಳ್ಳಬಹುದು ಎಂದು ಉತ್ತರ ಬಂದಿದೆ. ನಾಯಿಯ ಹೆಸರನ್ನೂ ಬರೆದಿದ್ದಾರೆ. ನಾನು ಮುಂಗಡ ಕಟ್ಟಿಲ್ಲ.